ಪ್ರಾಣವಾಯು ನೀರಿನೊಳಗೆ: ಆಸ್ಪತ್ರೆಯ ಸಿಲಿಂಡರೂ ಮುಳುಗುಗಾರನ ಸಿಲಿಂಡರೂ

ಆಮ್ಲಜನಕವನ್ನು ನಾವು ಪ್ರಾಣವಾಯುವೆಂದು ಕರೆಯುತ್ತೇವೆ. ಹೆಸರು ಅರ್ಥಪೂರ್ಣವಾದುದೇ ಸರಿ. ಅನ್ನವಿಲ್ಲದೆ ವಾರಗಟ್ಟಲೆ, ನೀರಿಲ್ಲದೆ ಕೆಲವು ದಿನ ಬದುಕಬಲ್ಲ ಮನುಷ್ಯನು ಈ ವಾಯುವಿಲ್ಲದೆ ಕೆಲವೇ ನಿಮಿಷಗಳಲ್ಲಿ ಅಸುನೀಗುತ್ತಾನೆ. ಆದರೆ ಒಂದು ವಸ್ತುವಿಗೆ ಒಳ್ಳೆಯ ಹೆಸರು ದೊರೆತೊಡನೆ ಅದರ ಗುಣವೆಲ್ಲವೂ ಒಳ್ಳೆಯದೇ ಎಂದು ಭಾವಿಸುವುದು ನಮ್ಮ ರೂಢಿ. ಪ್ರಾಣವಾಯು ಎಲ್ಲಿಯೂ, ಎಷ್ಟಿದ್ದರೂ ಪ್ರಾಣದಾಯಕವೇ ಎಂದು ನಂಬಿ ಪ್ರಾಣಾಪಾಯಕ್ಕೆ ಸಿಲುಕಿದವರು ವಿಜ್ಞಾನದ ಇತಿಹಾಸದಲ್ಲಿ ಹಲವರಿದ್ದಾರೆ. ಅವರಲ್ಲಿ ಕೆಲವರ ವೃತ್ತಾಂತವನ್ನೂ, ಅದರ ಹಿಂದಿರುವ ಭೌತಶಾಸ್ತ್ರವನ್ನೂ ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

2021ರ ಬೇಸಿಗೆಯಲ್ಲಿ ಕೋವಿಡ್ ಸೋಂಕಿನ ಎರಡನೆಯ ಅಲೆ ಬಂದಾಗ ಆಮ್ಲಜನಕದ ಸಿಲಿಂಡರು ಮನೆಮಾತಾಯಿತು. ಅದುವರೆಗೆ ಅದನ್ನು ಆಸ್ಪತ್ರೆಯ ಮೂಲೆಯಲ್ಲಿ ಕಂಡೂ ಕಾಣದಂತೆ ಹಾದುಹೋಗುತ್ತಿದ್ದವರು ಅದರ ಅಳತೆ, ಒತ್ತಡ, ಬೆಲೆಗಳನ್ನು ಬಾಯಿಪಾಠ ಮಾಡಿಕೊಂಡರು. ದಾನಿಗಳು ಸಿಲಿಂಡರುಗಳನ್ನು ಕೊಂಡು ಆಸ್ಪತ್ರೆಗಳಿಗೂ ಸೇವಾಸಂಸ್ಥೆಗಳಿಗೂ ಒಪ್ಪಿಸಿದರು. ಆ ದಿನಗಳನ್ನು ಕಂಡ ಬಾಲಕರು ವಿಜ್ಞಾನದ ತರಗತಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು: ಈ ಸಿಲಿಂಡರನ್ನೇ ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿದರೆ ಆಗದೇ? ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸಮುದ್ರದಲ್ಲಿ ಮುಳುಗಿ ಮೀನುಗಳನ್ನು ನೋಡಿ ಬರುವವರ ಬೆನ್ನಿನ ಮೇಲಿರುವುದೂ ಇಂಥದೇ ಲೋಹದ ಪಾತ್ರೆಯಲ್ಲವೇ? ಪ್ರಶ್ನೆ ಬಾಲಕರದು ಮಾತ್ರವಲ್ಲ. ಕೆರೆಯಲ್ಲಿಯೋ ಬಾವಿಯಲ್ಲಿಯೋ ಮುಳುಗಿದವರನ್ನು ಹುಡುಕಬೇಕಾಗಿ ಬಂದು, ಮುಳುಗುತಜ್ಞರು ಬರುವುದು ತಡವಾದಾಗ, ಹತ್ತಿರದ ಆಸ್ಪತ್ರೆಯ ಸಿಲಿಂಡರು ಯಾರ ಕಣ್ಣಿಗಾದರೂ ಬಿದ್ದೀತು. ಉದ್ದೇಶ ಎಷ್ಟೇ ಉದಾತ್ತವಾಗಿದ್ದರೂ ಹಾಗೆ ಇಳಿದವನು ಹುಡುಕಬೇಕಾದ ಎರಡನೆಯ ವ್ಯಕ್ತಿಯಾಗುವ ಸಂಭವವೇ ಹೆಚ್ಚು.

ಮೊದಲಿಗೆ ಸ್ಪಷ್ಟವಾಗಿ ಹೇಳಬೇಕಾದ ಮಾತೆಂದರೆ, ಹವ್ಯಾಸಕ್ಕಾಗಿ ಮುಳುಗುವವರು ಬೆನ್ನ ಮೇಲೆ ಹೊರುವುದು ಆಮ್ಲಜನಕವನ್ನಲ್ಲ. ಪತ್ರಿಕೆಗಳೂ ಒಮ್ಮೊಮ್ಮೆ ಅದನ್ನು ಆಮ್ಲಜನಕದ ಸಿಲಿಂಡರೆಂದೇ ಬರೆಯುವುದರಿಂದ ಈ ತಪ್ಪು ತಿಳುವಳಿಕೆ ಬೇರೂರಿದೆ. ಅದರಲ್ಲಿರುವುದು ಸಾಮಾನ್ಯವಾಗಿ ನಾವು ಈಗ ಉಸಿರಾಡುತ್ತಿರುವ ಗಾಳಿಯೇ: ಶೇಕಡಾ 21 ಭಾಗ ಆಮ್ಲಜನಕ, ಶೇಕಡಾ 78 ಭಾಗ ಸಾರಜನಕ, ಉಳಿದದ್ದು ಆರ್ಗಾನ್ ಮೊದಲಾದವು. ಅದನ್ನು ಸೋಸಿ, ಒಣಗಿಸಿ, ಅದುಮಿ ತುಂಬಿರುತ್ತಾರೆ. ಆಸ್ಪತ್ರೆಯ ಸಿಲಿಂಡರಿನಲ್ಲಿಯಾದರೋ ಬಹುಮಟ್ಟಿಗೆ ಶುದ್ಧವಾದ ಆಮ್ಲಜನಕವಿರುತ್ತದೆ. ಪಾತ್ರೆಗಳು ಅಣ್ಣತಮ್ಮಂದಿರಂತೆ ಕಂಡರೂ ಒಳಗಿರುವುದು ಬೇರೆ ಬೇರೆ.

ಶುದ್ಧವಾದುದು ಬೆರಕೆಗಿಂತ ಮೇಲಲ್ಲವೇ ಎಂಬ ಶಂಕೆ ಇಲ್ಲಿ ಸಹಜ. ಇದಕ್ಕೆ ಉತ್ತರ ನೀರಿನ ಒತ್ತಡದಲ್ಲಿದೆ. ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವುದು ಒಂದು ವಾಯುಮಂಡಲದ ಒತ್ತಡ. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಸುಮಾರು ಇನ್ನೊಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. 20 ಮೀಟರು ಆಳದಲ್ಲಿ ಒಟ್ಟು ಒತ್ತಡ 3 ವಾಯುಮಂಡಲ. ಅಲ್ಲಿ ಎದೆಗೂಡು ಹಿಗ್ಗಬೇಕಾದರೆ ಒಳಗೆಳೆದುಕೊಳ್ಳುವ ಗಾಳಿಯ ಒತ್ತಡವೂ ಅಷ್ಟೇ ಇರಬೇಕು. ಅನಿಲಗಳ ಮಿಶ್ರಣದಲ್ಲಿ ಪ್ರತಿಯೊಂದು ಅನಿಲವೂ ತನ್ನ ಪಾಲಿನ ಒತ್ತಡವನ್ನು ಬೇರೆಯಾಗಿಯೇ ಬೀರುತ್ತದೆಂದು ಜಾನ್ ಡಾಲ್ಟನ್ನನು 1801ರಲ್ಲಿ ತೋರಿಸಿದನು. ಇದಕ್ಕೆ ಆಂಶಿಕ ಒತ್ತಡವೆಂದು ಹೆಸರು. ನೆಲದ ಮೇಲೆ ಗಾಳಿಯಲ್ಲಿರುವ ಆಮ್ಲಜನಕದ ಆಂಶಿಕ ಒತ್ತಡ 0.21 ವಾಯುಮಂಡಲ. 20 ಮೀಟರು ಆಳದಲ್ಲಿ ಅದೇ ಗಾಳಿಯನ್ನು ಉಸಿರಾಡಿದರೆ ಅದು 0.63 ಆಗುತ್ತದೆ. ಶುದ್ಧ ಆಮ್ಲಜನಕವನ್ನು ಉಸಿರಾಡಿದರೆ 3 ಆಗುತ್ತದೆ. ಅಂದರೆ ನಮ್ಮ ದೇಹಕ್ಕೆ ರೂಢಿಯಾದುದರ ಹದಿನಾಲ್ಕು ಪಟ್ಟಿಗಿಂತಲೂ ಅಧಿಕ. ದೇಹಕ್ಕೆ ಶೇಕಡಾವಾರು ಲೆಕ್ಕ ತಿಳಿಯದು. ಅದಕ್ಕೆ ತಿಳಿಯುವುದು ಈ ಆಂಶಿಕ ಒತ್ತಡವೊಂದೇ.

ಈ ಸತ್ಯವನ್ನು ಮೊದಲು ಪ್ರಯೋಗದಿಂದ ಸಿದ್ಧಪಡಿಸಿದವನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಪಾಲ್ ಬೇರ್. ವಾಯುಭಾರದ ಏರಿಳಿತಗಳು ಜೀವಿಗಳ ಮೇಲೆ ಮಾಡುವ ಪರಿಣಾಮವನ್ನು ಕುರಿತು ಅವನು 1878ರಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದನು. ಒತ್ತಡದ ಕೋಣೆಯಲ್ಲಿಟ್ಟ ಹಕ್ಕಿಗಳೂ ನಾಯಿಗಳೂ ಆಮ್ಲಜನಕದ ಆಂಶಿಕ ಒತ್ತಡ ಮಿತಿಮೀರಿದಾಗ ಮೂರ್ಛೆರೋಗ ಬಂದಂತೆ ಸೆಳವಿಗೆ ಸಿಕ್ಕಿ ಸಾಯುವುದನ್ನು ಅವನು ಕಂಡನು. ಸುಮಾರು ನೂರು ವರ್ಷಗಳ ಹಿಂದೆ, 1774ರಲ್ಲಿ, ಪ್ರೀಸ್ಟ್ಲಿಯು ಈ ಅನಿಲವನ್ನು ಬೇರ್ಪಡಿಸಿ, ಇದರಲ್ಲಿ ಬತ್ತಿ ಬೇಗ ಉರಿದುಹೋಗುವಂತೆ ಜೀವವೂ ಬೇಗ ಉರಿದುಹೋದೀತೇ ಎಂದು ಸಂಶಯಪಟ್ಟಿದ್ದನು. ಬೇರ್ ಕಂಡುಕೊಂಡದ್ದು ಆ ಸಂಶಯಕ್ಕಿಂತಲೂ ತೀವ್ರವಾದುದು. ಒತ್ತಡ ಹೆಚ್ಚಿಲ್ಲದಿದ್ದರೂ ಬಹುಕಾಲ ಉಸಿರಾಡಿದ ಆಮ್ಲಜನಕ ಶ್ವಾಸಕೋಶವನ್ನು ಕೆಡಿಸುವುದನ್ನು ಲೊರೇನ್ ಸ್ಮಿತ್ ಎಂಬವನು 1899ರಲ್ಲಿ ತೋರಿಸಿದನು. ವೈದ್ಯರು ಆಮ್ಲಜನಕವನ್ನು ಔಷಧದಂತೆ ಪ್ರಮಾಣ ಗೊತ್ತುಮಾಡಿ ಕೊಡುವುದು ಈ ಕಾರಣದಿಂದಲೇ.

ಇಷ್ಟಾದರೂ ಮನುಷ್ಯನ ವಿಷಯದಲ್ಲಿ ಅಪಾಯದ ಗೆರೆ ಎಲ್ಲಿದೆಯೆಂಬುದು ಬಹುಕಾಲ ಅಸ್ಪಷ್ಟವಾಗಿಯೇ ಉಳಿಯಿತು. ಅದನ್ನು ತಿಳಿಯಲು ತಮ್ಮ ದೇಹವನ್ನೇ ಒಡ್ಡಿದವರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಒಬ್ಬನು. 1939ರ ಜೂನ್ 1ರಂದು ಬ್ರಿಟನ್ನಿನ ಥೆಟಿಸ್ ಎಂಬ ಜಲಾಂತರ್ಗಾಮಿ ನೌಕೆಯು ಪರೀಕ್ಷಾಯಾನದಲ್ಲಿಯೇ ಮುಳುಗಿ 99 ಜನರು ಮಡಿದರು. ನಾಲ್ವರು ಮಾತ್ರ ಪಾರಾದರು. ಅನಂತರ ಹಾಲ್ಡೇನನು ತನ್ನ ಸಂಗಡಿಗರೊಡನೆ ಒತ್ತಡದ ಕೋಣೆಯನ್ನು ಹೊಕ್ಕು ಬಗೆಬಗೆಯ ಅನಿಲಗಳನ್ನು ಉಸಿರಾಡಿ ನೋಡಿದನು. ಅಧಿಕ ಒತ್ತಡದಲ್ಲಿ ರುಚಿಯಿಲ್ಲದ ಆಮ್ಲಜನಕಕ್ಕೂ ರುಚಿ ಬರುತ್ತದೆಂದು ಅವನು ಗುರುತಿಸಿದನು. ಅದೇ ಪ್ರಯೋಗಗಳಲ್ಲಿ ಆಮ್ಲಜನಕದ ಸೆಳವಿಗೆ ಸಿಕ್ಕಿ ಅವನ ಬೆನ್ನೆಲುಬು ಜಜ್ಜಿಹೋಯಿತು. ಆ ನೋವು ಬಹುಕಾಲ ಅವನನ್ನು ಬಿಡಲಿಲ್ಲ. ಈ ಹಾಲ್ಡೇನನೇ 1957ರಲ್ಲಿ ಭಾರತಕ್ಕೆ ಬಂದು ನೆಲಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವನು. ನಮ್ಮ ಪಠ್ಯಪುಸ್ತಕಗಳು ಅವನನ್ನು ಜೀವೋತ್ಪತ್ತಿಯ ಸಿದ್ಧಾಂತಕ್ಕಾಗಿ ಮಾತ್ರ ನೆನೆಯುತ್ತವೆ. ಈ ಪ್ರಯೋಗಗಳಿಗೂ ಒಂದೆರಡು ಸಾಲು ಮೀಸಲಿಟ್ಟಿದ್ದರೆ ಚೆನ್ನಾಗಿತ್ತು.

ಯುದ್ಧಕಾಲದಲ್ಲಿ ಬ್ರಿಟನ್ನಿನ ನೌಕಾಸೇನೆಯ ವೈದ್ಯ ಕೆನೆತ್ ಡೊನಾಲ್ಡನು ಈ ಕಾರ್ಯವನ್ನು ವಿಸ್ತಾರವಾಗಿ ನಡೆಸಿದನು. ಸ್ವಯಂಸೇವಕರಾಗಿ ಬಂದ ಮುಳುಗುಗಾರರು ನೂರಾರು ಬಾರಿ ಆಮ್ಲಜನಕವನ್ನು ಉಸಿರಾಡುತ್ತ ಒತ್ತಡದ ನೀರಿನ ತೊಟ್ಟಿಗೆ ಇಳಿದರು. ಆ ತೊಟ್ಟಿಯ ತಳದಲ್ಲಿ 'ಆಕ್ಸಿಜನ್ ಪೀಟ್' ಎಂಬ ಭೂತವೊಂದು ಹೊಂಚುಹಾಕಿ ಕುಳಿತಿದೆಯೆಂದು ಅವರು ತಮಾಷೆಗೆ ಹೇಳಿಕೊಳ್ಳುತ್ತಿದ್ದರಂತೆ. ಡೊನಾಲ್ಡನು 1947ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಆ ಭೂತಕ್ಕೆ ತಕ್ಕಂತೆಯೇ ಇದ್ದವು. ಒಣ ಕೋಣೆಯಲ್ಲಿ ತಡೆದುಕೊಳ್ಳಬಲ್ಲಷ್ಟು ಆಮ್ಲಜನಕವನ್ನು ಅದೇ ಮನುಷ್ಯನು ನೀರಿನೊಳಗೆ ತಡೆದುಕೊಳ್ಳಲಾರನು. ದುಡಿಯತೊಡಗಿದರಂತೂ ಸಹನಶಕ್ತಿ ಇನ್ನೂ ಇಳಿಯುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಒಬ್ಬನಲ್ಲಿಯೇ ದಿನದಿಂದ ದಿನಕ್ಕೆ ಕಾಣುವ ವ್ಯತ್ಯಾಸ. ಒಬ್ಬ ಮುಳುಗುಗಾರನನ್ನು ಸುಮಾರು 21 ಮೀಟರಿನ ಒತ್ತಡಕ್ಕೆ ಮೂರು ತಿಂಗಳ ಅವಧಿಯಲ್ಲಿ ಮತ್ತೆ ಮತ್ತೆ ಒಡ್ಡಿದಾಗ, ಒಂದು ದಿನ 7 ನಿಮಿಷಕ್ಕೇ ವಿಷಲಕ್ಷಣಗಳು ತೋರಿದವು. ಇನ್ನೊಂದು ದಿನ 148 ನಿಮಿಷ ಕಳೆಯಿತು. ಆದಕಾರಣ ನಿನ್ನೆ ಇಳಿದು ಸುಖವಾಗಿ ಬಂದೆನೆಂಬ ಅನುಭವಕ್ಕೆ ಇಲ್ಲಿ ಕವಡೆಯ ಬೆಲೆಯೂ ಇಲ್ಲ. ಹೀಗೆ ಇಳಿದು ಬದುಕಿ ಬಂದವನೊಬ್ಬನ ಮಾತನ್ನು ಕೇಳಿ ಹತ್ತು ಜನ ಇಳಿಯುವುದು ಈ ಕಾರಣದಿಂದಲೇ ಭಯಂಕರ.

ವಿಷ ಏರಿದಾಗ ಆಗುವುದೇನು? ದೃಷ್ಟಿ ಕಿರಿದಾಗಬಹುದು, ಕಿವಿಯಲ್ಲಿ ಗುಂಯ್ಗುಡಬಹುದು, ಓಕರಿಕೆ ಬರಬಹುದು, ತುಟಿ ಅದಿರಬಹುದು, ಕಾರಣವಿಲ್ಲದ ಸಿಡುಕು ಮೂಡಬಹುದು. ಅಥವಾ ಯಾವ ಮುನ್ಸೂಚನೆಯೂ ಇಲ್ಲದೆ ನೇರವಾಗಿ ಸೆಳವೇ ಬರಬಹುದು. ಸೆಳವು ತಾನಾಗಿ ಕೊಲ್ಲುವುದಿಲ್ಲ. ಆಸ್ಪತ್ರೆಯ ಒತ್ತಡದ ಕೋಣೆಯಲ್ಲಿ ರೋಗಿಗೆ ಹೀಗಾದರೆ ಬಳಿಯಿರುವವರು ಮುಖವಾಡವನ್ನು ತೆಗೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅವನು ಚೇತರಿಸಿಕೊಳ್ಳುತ್ತಾನೆ. ನೀರಿನೊಳಗೆ ಬಾಯಿಯ ನಳಿಗೆ ಜಾರುತ್ತದೆ, ಮುಂದಿನ ಉಸಿರು ನೀರಿನದಾಗುತ್ತದೆ. ವ್ಯತ್ಯಾಸವಿರುವುದು ಇಲ್ಲಿ. ಇಂದು ಮುಳುಗುಗಾರರು ಕೆಲಸ ಮಾಡುವಾಗ ಆಮ್ಲಜನಕದ ಆಂಶಿಕ ಒತ್ತಡವನ್ನು 1.4 ವಾಯುಮಂಡಲಕ್ಕೂ, ವಿಶ್ರಾಂತಿಯಲ್ಲಿದ್ದಾಗ 1.6ಕ್ಕೂ ಮಿತಿಗೊಳಿಸುತ್ತಾರೆ. ಶುದ್ಧ ಆಮ್ಲಜನಕದಲ್ಲಿ ಈ ಮಿತಿಗಳು ಕ್ರಮವಾಗಿ 4 ಮತ್ತು 6 ಮೀಟರು ಆಳದಲ್ಲಿಯೇ ಮುಗಿದುಹೋಗುತ್ತವೆ. ಸಾಮಾನ್ಯ ಗಾಳಿಯಲ್ಲಾದರೆ 1.4ರ ಮಿತಿ ಬರುವುದು ಸುಮಾರು 56 ಮೀಟರಿನಲ್ಲಿ. ನಮ್ಮ ಕಡೆಯ ಎಷ್ಟೋ ಬಾವಿಗಳಲ್ಲಿ ನಿಂತ ನೀರು 4 ಮೀಟರಿಗಿಂತ ಆಳವಾಗಿರುವುದನ್ನು ವಾಚಕರು ನೆನೆದುಕೊಳ್ಳಬೇಕು.

ಹಾಗಾದರೆ ಆಮ್ಲಜನಕದೊಡನೆ ನೀರಿಗಿಳಿದು ಕಾರ್ಯಸಾಧಿಸಿದವರೇ ಇಲ್ಲವೇ? ಇದ್ದಾರೆ. ಹೆನ್ರಿ ಫ್ಲೂಸ್ ಎಂಬ ಇಂಗ್ಲಿಷ್ ನಾವಿಕನು 1878ರಲ್ಲಿಯೇ ಒಂದು ಯಂತ್ರವನ್ನು ರಚಿಸಿದನು. ಬಿಟ್ಟ ಉಸಿರು ಹೊರಗೆ ಹೋಗದೆ, ದಾಹಕ ಪೊಟ್ಯಾಷಿನಲ್ಲಿ ನೆನೆಸಿದ ನಾರಿನ ಮೂಲಕ ಹಾದು, ಇಂಗಾಲದ ಡೈ ಆಕ್ಸೈಡನ್ನು ಕಳೆದುಕೊಂಡು, ತಾಮ್ರದ ಪಾತ್ರೆಯಿಂದ ಬರುವ ಆಮ್ಲಜನಕದೊಡನೆ ಸೇರಿ ಮರಳಿ ಬಾಯಿಗೆ ಬರುತ್ತಿತ್ತು. ನೀರು ನುಗ್ಗಿದ್ದ ಬ್ರಿಟನ್ನಿನ ಸೆವರ್ನ್ ಸುರಂಗದಲ್ಲಿ 1880ರಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರನು ಈ ಯಂತ್ರವನ್ನು ಧರಿಸಿ, ಕಗ್ಗತ್ತಲೆಯಲ್ಲಿ ಸುಮಾರು 1000 ಅಡಿ ದೂರ ತಡಕಾಡುತ್ತ ಹೋಗಿ ಕಬ್ಬಿಣದ ಬಾಗಿಲನ್ನು ಮುಚ್ಚಿ ಬಂದನು. ಗಾಳಿಯ ಉದ್ದನೆಯ ಕೊಳವೆಯನ್ನು ಎಳೆದುಕೊಂಡು ಅಷ್ಟು ದೂರ ಹೋಗುವುದು ಸಾಧ್ಯವಾಗಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಕ್ರಿಶ್ಚಿಯನ್ ಲ್ಯಾಂಬರ್ಟ್‌ಸೆನ್ ಅರಿವಳಿಕೆಯ ಉಪಕರಣದ ಭಾಗಗಳಿಂದಲೇ ಇಂಥ ಮರುಉಸಿರಾಟದ ಯಂತ್ರವನ್ನು ಜೋಡಿಸಿದನು. ಎರಡನೆಯ ಮಹಾಯುದ್ಧದಲ್ಲಿ ಗುಪ್ತ ಈಜುಪಡೆ ಅದನ್ನು ಬಳಸಿತು. ಆಸ್ಪತ್ರೆಯ ಸಾಮಗ್ರಿ ನೀರಿಗಿಳಿದ ನಿಜವಾದ ಉದಾಹರಣೆ ಇದು. ಆದರೆ ಅವನು ಸಿದ್ಧ ಸಿಲಿಂಡರನ್ನು ಹೊತ್ತು ಧುಮುಕಿದವನಲ್ಲ. ಉಸಿರಾಟದ ಶರೀರಶಾಸ್ತ್ರವನ್ನು ಅಭ್ಯಾಸ ಮಾಡಿ, ಆಳ ಕಡಮೆಯಿರುವ ಕಾರ್ಯಕ್ಕಾಗಿ ಯಂತ್ರವನ್ನು ಕಟ್ಟಿದವನು.

ಈ ಎಚ್ಚರಿಕೆ ಸಾಲದೆ ಹೋದಾಗ ಆಗುವುದಕ್ಕೆ ಫ್ರಾನ್ಸಿನ ಜಾಕ್ ಕುಸ್ತೊ ಸಾಕ್ಷಿ. ನೌಕಾಸೇನೆಯಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದ ಅವನು, ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲು, ಚಿಕ್ಕ ಆಮ್ಲಜನಕದ ಸೀಸೆ, ಸೋಡಾ ಸುಣ್ಣ ತುಂಬಿದ ಡಬ್ಬಿ, ಮೋಟಾರು ಸೈಕಲ್ಲಿನ ಒಳಟ್ಯೂಬು ಇವುಗಳಿಂದ ಉಪಕರಣವೊಂದನ್ನು ಮಾಡಿಸಿಕೊಂಡನು. 45 ಅಡಿಯವರೆಗೆ ಆಮ್ಲಜನಕ ನಿರಪಾಯವೆಂದು ಆಗ ನಂಬಿಕೆಯಿತ್ತು. ಆ ಆಳದಲ್ಲಿಯೇ ಅವನ ತುಟಿಗಳು ನಡುಗಿ, ರೆಪ್ಪೆಗಳು ಅದಿರಿ, ಬೆನ್ನು ಬಿಲ್ಲಿನಂತೆ ಬಾಗಿತು. ಸೊಂಟದ ಸೀಸದ ಭಾರವನ್ನು ಹೇಗೋ ಕಿತ್ತೆಸೆದು ಅವನು ಮೇಲೆ ತೇಲಿದನು, ನಾವಿಕರು ಎತ್ತಿಕೊಂಡರು. ಯಂತ್ರವನ್ನು ತಿದ್ದಿ ಮತ್ತೊಮ್ಮೆ ಇಳಿದಾಗಲೂ ಅದೇ ಗತಿಯಾಯಿತು. ದೋಷವಿದ್ದುದು ಯಂತ್ರದಲ್ಲಲ್ಲ, ಅನಿಲದಲ್ಲಿ.

ಕುಸ್ತೊ ಆಮ್ಲಜನಕವನ್ನು ಬಿಟ್ಟು ಗಾಳಿಗೆ ಮರಳಿದನು. ಆದರೆ ಅದುಮಿದ ಗಾಳಿಯನ್ನು ಬೇಕಾದಾಗ, ಬೇಕಾದಷ್ಟು, ಆ ಆಳದ ಒತ್ತಡದಲ್ಲಿಯೇ ಬಾಯಿಗೆ ಒದಗಿಸುವ ಕವಾಟ ಬೇಕಾಗಿತ್ತು. 1942ರ ಡಿಸೆಂಬರಿನಲ್ಲಿ ಪ್ಯಾರಿಸಿನ ಇಂಜಿನಿಯರ್ ಎಮಿಲ್ ಗಾನ್ಯಾನ್ ಎಂಬವನನ್ನು ಅವನು ಭೇಟಿಯಾದನು. ಪೆಟ್ರೋಲಿಗೆ ಬರಗಾಲ ಬಂದಿದ್ದ ಆ ದಿನಗಳಲ್ಲಿ ಮೋಟಾರು ಗಾಡಿಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ಒಂದು ಕವಾಟವನ್ನು ರಚಿಸಿದ್ದನು. ಅದನ್ನೇ ಮಾರ್ಪಡಿಸಿ ತಯಾರಾದ ಉಪಕರಣದೊಡನೆ ಕುಸ್ತೊ 1943ರ ಜೂನಿನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಯಶಸ್ವಿಯಾಗಿ ಮುಳುಗಿದನು. ಇಂದಿನ ಸ್ಕೂಬಾ ಉಪಕರಣದ ಮೂಲ ಇದು. ಗಾನ್ಯಾನ್ ದುಡಿಯುತ್ತಿದ್ದುದು ಆಮ್ಲಜನಕವನ್ನು ತಯಾರಿಸಿ ಮಾರುವ ಏರ್ ಲಿಕ್ವಿಡ್ ಸಂಸ್ಥೆಯಲ್ಲಿ. ಸಿಲಿಂಡರಿನ ತುಂಬ ಆಮ್ಲಜನಕ ಕೈಗೆಟುಕುವಂತಿದ್ದರೂ ಅವರು ಗಾಳಿಯನ್ನೇ ಆರಿಸಿಕೊಂಡರು.

ಇನ್ನು ಕೆಲವರು ಕೇಳಬಹುದು: ಆಸ್ಪತ್ರೆಯ ಸಿಲಿಂಡರಿನಿಂದ ಆಮ್ಲಜನಕವನ್ನು ಖಾಲಿ ಮಾಡಿ ಗಾಳಿಯನ್ನೇ ತುಂಬಿದರೆ? ಉಕ್ಕು ಉಕ್ಕೇ ಅಲ್ಲವೇ? ಇದಕ್ಕೆ ಉತ್ತರವನ್ನು ಲೆಕ್ಕದಿಂದ ಪ್ರಾರಂಭಿಸಬಹುದು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು. ನಮ್ಮ ಆಸ್ಪತ್ರೆಗಳ 'ಬಿ' ಮಾದರಿಯ ಸಿಲಿಂಡರು ಸುಮಾರು 10 ಲೀಟರು ನೀರು ಹಿಡಿಯುತ್ತದೆ. 150 ವಾಯುಮಂಡಲದ ಒತ್ತಡದಲ್ಲಿ ಅದರೊಳಗೆ 1500 ಲೀಟರು ಅನಿಲವಿರುತ್ತದೆ. ರೋಗಿಗೆ ನಿಮಿಷಕ್ಕೆ 5 ಲೀಟರಿನಂತೆ ಕೊಟ್ಟರೆ ಅದು 5 ಗಂಟೆ ಬರುತ್ತದೆ. ನೀರಿನಲ್ಲಿ ಶ್ರಮಿಸುವವನಿಗೆ ಮೇಲ್ಮೈಯಲ್ಲಿಯೇ ನಿಮಿಷಕ್ಕೆ 20 ಲೀಟರು ಬೇಕೆಂದಿಟ್ಟುಕೊಳ್ಳೋಣ. 20 ಮೀಟರು ಆಳದಲ್ಲಿ ಅದರ ಮೂರು ಪಟ್ಟು, ಅಂದರೆ 60 ಲೀಟರು. ಸಿಲಿಂಡರು 25 ನಿಮಿಷಕ್ಕೆ ಬರಿದು, ಮೇಲೆ ಬರುವ ಹೊತ್ತಿಗೆ ಉಳಿತಾಯವೇನೂ ಇಲ್ಲ. ಆಸ್ಪತ್ರೆಯ ಫ್ಲೋಮೀಟರು ಸಾಮಾನ್ಯವಾಗಿ ನಿಮಿಷಕ್ಕೆ 15 ಲೀಟರಿಗಿಂತ ಹೆಚ್ಚು ಬಿಡದು. ಅದು ಎಡೆಬಿಡದೆ ಒಂದೇ ಸಮನೆ ಹರಿಸುವ ಸಾಧನ, ಉಸಿರೆಳೆದಾಗ ಮಾತ್ರ ತೆರೆದುಕೊಳ್ಳುವುದಲ್ಲ. ಮುಳುಗುಗಾರರ ಸಿಲಿಂಡರುಗಳನ್ನು 200 ವಾಯುಮಂಡಲಕ್ಕೂ ಮೇಲ್ಪಟ್ಟ ಒತ್ತಡಕ್ಕಾಗಿ ನಿರ್ಮಿಸಿರುತ್ತಾರೆ. ಅಲ್ಲಿಯ ಯಂತ್ರದಿಂದ 150ರ ಸಿಲಿಂಡರಿಗೆ ಅಷ್ಟೇ ತುಂಬಿದರೆ ಅದು ಬಾಂಬಿಗೆ ಸಮಾನ.

ಸಿಲಿಂಡರಿನ ಕವಾಟದಲ್ಲಿಯೂ ಒಂದು ಜಾಣತನವಿದೆ. ಚಿಕ್ಕ ವೈದ್ಯಕೀಯ ಸಿಲಿಂಡರುಗಳ ಕವಾಟದ ಮೇಲೆ ರಂಧ್ರಗಳನ್ನೂ, ಅದಕ್ಕೆ ಕೂಡಿಸುವ ನೊಗದ ಮೇಲೆ ಮೊಳೆಗಳನ್ನೂ ಇಟ್ಟಿರುತ್ತಾರೆ. ಆಮ್ಲಜನಕಕ್ಕೆ 2 ಮತ್ತು 5ನೆಯ ಸ್ಥಾನ, ಗಾಳಿಗೆ 1 ಮತ್ತು 5, ನೈಟ್ರಸ್ ಆಕ್ಸೈಡಿಗೆ 3 ಮತ್ತು 5. ಕತ್ತಲೆಯಲ್ಲಿ ತಡಕಿ ಜೋಡಿಸಿದರೂ ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಮೊಳೆಯನ್ನು ಮುರಿದು, ಜೋಡಣೆಯನ್ನು ತುರುಕಿ ಹೊಂದಿಸುವವನು, ಯಾರದೋ ಪ್ರಾಣ ಹೋದ ಮೇಲೆ ಕಲಿತ ಪಾಠವನ್ನು ಅಳಿಸಿಹಾಕುತ್ತಾನೆ.

ಎಲ್ಲಕ್ಕಿಂತ ಗಹನವಾದ ಅಪಾಯ ಎಣ್ಣೆಯದು, ತೇವದ್ದು. ಗಾಳಿ ತುಂಬುವ ಯಂತ್ರಗಳಲ್ಲಿ ಬಹುಪಾಲು ಎಣ್ಣೆಯಿಂದ ನಡೆಯುವವು. ಎಷ್ಟು ಸೋಸಿದರೂ ಕಣ್ಣಿಗೆ ಕಾಣದ ತೆಳುಪದರ ಸಿಲಿಂಡರಿನ ಒಳಮೈಗೆ ಅಂಟುವ ಸಂಭವವುಂಟು. ಗಾಳಿಯಿದ್ದಷ್ಟು ಕಾಲ ಅದು ಸುಮ್ಮನಿದ್ದೀತು. ಅದೇ ಸಿಲಿಂಡರು ಆಸ್ಪತ್ರೆಗೆ ಮರಳಿ, ಅದರಲ್ಲಿ ಒತ್ತಡದ ಆಮ್ಲಜನಕ ತುಂಬಿ, ದಾದಿಯು ಕವಾಟವನ್ನು ಥಟ್ಟನೆ ತೆರೆದಳೆನ್ನಿ. ಅನಿಲವು ಹಠಾತ್ತನೆ ಅದುಮಿಕೊಂಡಾಗ ಹುಟ್ಟುವ ಶಾಖವೇ ಆ ಎಣ್ಣೆಗೆ ಕಿಡಿಯಾದೀತು. ಶುದ್ಧ ಆಮ್ಲಜನಕದಲ್ಲಿ ಹತ್ತಿದ ಬೆಂಕಿ ಎಂಥದೆಂಬುದನ್ನು 1967ರ ಜನವರಿ 27ರಂದು ಅಪೋಲೋ ನೌಕೆಯೊಳಗೆ ಮೂವರು ಗಗನಯಾತ್ರಿಗಳನ್ನು ಸುಟ್ಟ ದುರಂತವು ಜಗತ್ತಿಗೆ ತೋರಿಸಿತು. ತೇವದ ಕಥೆ ಬೇರೆ. ಉಪ್ಪುನೀರು ಒಳಸೇರಿದ ಉಕ್ಕಿನ ಸಿಲಿಂಡರು ಒಳಗೊಳಗೇ ತುಕ್ಕುಹಿಡಿಯುತ್ತದೆ. ತುಕ್ಕೆಂದರೆ ಕಬ್ಬಿಣವು ಆಮ್ಲಜನಕವನ್ನು ಕಬಳಿಸುವುದೇ. ಬಹುಕಾಲ ಮುಚ್ಚಿಟ್ಟ ಗಾಳಿಯ ಸಿಲಿಂಡರಿನಲ್ಲಿ ಮಾಪಕವು ತುಂಬಿದೆಯೆಂದೇ ತೋರಿಸುತ್ತಿರುತ್ತದೆ. ಉಸಿರಾಡುವವನಿಗೆ ಮಾತ್ರ ಆಮ್ಲಜನಕ ಸಾಲದೆ ಹೋಗುತ್ತದೆ.

ಒಂದು ಅನಿಲದ ಪಾತ್ರೆಯನ್ನು ಮತ್ತೊಂದಕ್ಕೆ ಮಾರ್ಪಡಿಸುವುದೇ ಆಗದೆಂದಲ್ಲ. 2021ರಲ್ಲಿ ನಮ್ಮ ದೇಶದಲ್ಲಿಯೇ ಆರ್ಗಾನ್ ಮತ್ತು ಸಾರಜನಕದ ಟ್ಯಾಂಕರುಗಳನ್ನು ಆಮ್ಲಜನಕ ಸಾಗಿಸಲು ಪರಿವರ್ತಿಸಲಾಯಿತು. ಆದರೆ ಅದು ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಹತೋಟಿಯಲ್ಲಿ, ನಿಯಮಾನುಸಾರ ನಡೆದ ಕಾರ್ಯ. ಒಂದು ವರ್ಷ ಮೊದಲು, 2020ರ ಮಾರ್ಚಿನಲ್ಲಿ, ಇಟಲಿಯ ಬ್ರೆಷ್ಯಾದಲ್ಲಿ ಇದಕ್ಕೆ ವಿಲೋಮವಾದ ಕಾರ್ಯ ನಡೆಯಿತು. ಆಟಕ್ಕಾಗಿ ನೀರಿನ ಮೇಲೆ ತೇಲುವವರು ಧರಿಸುವ ಮುಖವಾಡಕ್ಕೆ ಒಬ್ಬ ನಿವೃತ್ತ ವೈದ್ಯನೂ ಕೆಲವು ಇಂಜಿನಿಯರುಗಳೂ ಹೊಸ ಜೋಡಣೆಯನ್ನು ಮಾಡಿ, ಆಸ್ಪತ್ರೆಯ ರೋಗಿಗಳಿಗೆ ಉಸಿರಾಟದ ಮುಖವಾಡವಾಗಿ ಕೊಟ್ಟರು. ನೀರಿನ ಸಾಧನ ಮಂಚದ ಬಳಿಗೆ ಬಂದರೆ, ತಪ್ಪಿದಾಗ ಮುಖದಿಂದ ತೆಗೆಯಲು ಹತ್ತಿರದಲ್ಲಿ ಕೈಗಳಿರುತ್ತವೆ.

ಮುಳುಗುಗಾರರ ಲೋಕದಲ್ಲಿ ವೈದ್ಯಕೀಯ ಆಮ್ಲಜನಕಕ್ಕೆ ಸ್ಥಾನವೇ ಇಲ್ಲವೆಂದು ಇದರಿಂದ ತಿಳಿಯಬಾರದು. ಅದರ ಸ್ಥಾನ ದೋಣಿಯ ಮೇಲೆ. ಆಳದಲ್ಲಿ ಬಹಳ ಹೊತ್ತು ಗಾಳಿಯನ್ನು ಉಸಿರಾಡಿದವನ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಸಾರಜನಕ ಕರಗಿರುತ್ತದೆ. ಅವನು ಅವಸರದಿಂದ ಮೇಲೇರಿದರೆ ಸೋಡಾ ಬಾಟಲಿಯ ಬಿರಟೆಯನ್ನು ತೆಗೆದಂತೆ ಅದು ಗುಳ್ಳೆಗಳಾಗಿ ಹೊರಡುತ್ತದೆ. ಕೀಲುಗಳಲ್ಲಿ ನೋವು, ಅಂಗಗಳಲ್ಲಿ ಜೋಮು, ಕೆಲವೊಮ್ಮೆ ಪಾರ್ಶ್ವವಾಯು. ಅಂಥವನನ್ನು ದೋಣಿಯ ಮೇಲೆ ಮಲಗಿಸಿ, ಮುಖವಾಡದ ಮೂಲಕ ಸಾಧ್ಯವಾದಷ್ಟು ಶುದ್ಧವಾದ ಆಮ್ಲಜನಕವನ್ನು ಕೊಡುತ್ತ ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಸಾಗಿಸುವುದು ಪ್ರಥಮ ಚಿಕಿತ್ಸೆ. ಉಸಿರಿನಲ್ಲಿ ಸಾರಜನಕ ಇಲ್ಲವಾದಾಗ ದೇಹದಲ್ಲಿರುವುದು ಬೇಗ ಹೊರಬೀಳುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಅವನನ್ನು ಮತ್ತೆ 18 ಮೀಟರು ಆಳದ ಒತ್ತಡಕ್ಕೆ ಒಯ್ಯುತ್ತಾರೆ. ಅಲ್ಲಿ 20 ನಿಮಿಷ ಆಮ್ಲಜನಕ, ಅನಂತರ 5 ನಿಮಿಷ ಬರಿಯ ಗಾಳಿ, ಮತ್ತೆ 20 ನಿಮಿಷ ಆಮ್ಲಜನಕ. ಹೀಗೆ ಸರದಿಯ ಮೇಲೆ ಚಿಕಿತ್ಸೆ ಸಾಗುತ್ತದೆ. ನಡುನಡುವೆ ಬರುವ ಆ 5 ನಿಮಿಷಗಳ ಗಾಳಿಯು ಆಮ್ಲಜನಕದ ವಿಷ ಏರದಂತೆ ದೇಹಕ್ಕೆ ಕೊಡುವ ಬಿಡುವು.